ಅಲ್ಲಿ ಬೋರ್ಡ್ ಇರಲಿಲ್ಲ

ಶುಕ್ರವಾರ ಬೆಳಿಗ್ಗೆ ಸಾಹಿರಾ ತಟ್ಟೆ ತುಂಬ ಅಕ್ಕಿ ಹರವಿಕೊಂಡು ಕಲ್ಲು ಆರಿಸುತ್ತಿದ್ದಳು. ಬಾಗ್ದಾದಿನ ಬಸ್ಸಿನಲ್ಲಿ ಬಂದ ಅಂಬರ್ ಅಕ್ಕಿ. ಅವರು ಈಗ ಇರುವ ಅಮ್ಮಾನ್ ನಗರದ ಅಂಗಡಿಗಳಲ್ಲಿ ಸಿಗುವ ಅಕ್ಕಿಗೆ ಆ ಘಮವಿಲ್ಲ. ಎದುರಿಗೆ ಕೂತ ಒಂಬತ್ತು ವರ್ಷದ ಮಗಳು ರಫೀಫ್ ಸಿಕ್ಕ ಕಲ್ಲುಗಳನ್ನೆಲ್ಲ ಮೊಣಕಾಲಿನ ಮೇಲೆ ಸಾಲಾಗಿ ಇಡುತ್ತಿದ್ದಳು.

“ಯುಮ್ಮಾ, ಒಂದು ಮಾತು ಕೇಳ್ಲಾ?”

“ಕೇಳು ಕಂದಾ.”

“ಬಾಬಾನ ಕಾರು ಉರುಳಿಬಿತ್ತು ಅಂತೀಯಲ್ಲ, ಅವತ್ತು...”

ಸಾಹಿರಾಳ ಬೆರಳು ಅಕ್ಕಿಯೊಳಗೇ ನಿಂತಿತು. ಮಗಳ ಅಪ್ಪನ ಬಗ್ಗೆ ಏಳು ವರ್ಷದಿಂದ ಅವಳು ಹೇಳಿಕೊಂಡು ಬಂದದ್ದು ಅಷ್ಟೇ: ಕಾರು ಹಳ್ಳಕ್ಕೆ ಉರುಳಿತು, ಬಾಬಾ ಹೋದ. ಬಾಗ್ದಾದಿನ ರಸ್ತೆಯಲ್ಲಿ ಅಮೆರಿಕದ ಸೈನಿಕರು ಆ ಕಾರಿನ ಮೇಲೆ ಗುಂಡು ಹಾರಿಸಿದ್ದನ್ನು, ಹಿಂದಿನ ಸೀಟಿನಲ್ಲಿ ತನ್ನ ಮಡಿಲ ಮೇಲೆ ಇದೇ ಮಗು ನಿದ್ದೆ ಮಾಡುತ್ತಿದ್ದುದನ್ನು ಹೇಳಿರಲಿಲ್ಲ. ಇನ್ನು ಸ್ವಲ್ಪ ದೊಡ್ಡವಳಾಗಲಿ, ಇನ್ನೂ ಸ್ವಲ್ಪ ಎಂದು ಮುಂದೂಡುತ್ತಲೇ ಬಂದಿದ್ದಳು.

ಅಷ್ಟರಲ್ಲಿ ಕೆಳಗೆ ವ್ಯಾನಿನ ಹಾರ್ನ್ ಒಂದೇ ಸಮನೆ ಕೂಗಿತು.

“ಉಮ್ಮ್ ರಫೀಫ್! ಕರಿ ಅಬಾಯಾ ಹಾಕ್ಕೊಂಡು ಬೇಗ ಇಳಿಯಮ್ಮ ತಾಯಿ!” ಸಿನಿಮಾದವರಿಗೆ ಜನ ಒದಗಿಸುವ ಅಬೂ ಗಾಜಿ ಬೀದಿಯಿಂದಲೇ ಕಿರುಚಿದ. “ಸಂತೆ ಸೀನು. ಟೊಮೆಟೊ ಹಿಡ್ಕೊಂಡು ನಿಂತ್ರೆ ಸಾಕು!”

ಉಮ್ಮ್ ರಫೀಫ್, ರಫೀಫಳ ತಾಯಿ ಎಂದೇ ಅವಳನ್ನು ಎಲ್ಲರೂ ಕರೆಯುವುದು. ಈ ಊರಿನಲ್ಲಿ ಇರಾಕಿನಿಂದ ಬಂದವರಿಗೆ ಕೆಲಸಕ್ಕೆ ಪರವಾನಗಿ ಇಲ್ಲ. ಸಿನಿಮಾದವರು ಮಾತ್ರ ಕಾಗದ ಕೇಳುವುದಿಲ್ಲ. ಸಾಹಿರಾ ಅಕ್ಕಿಯ ತಟ್ಟೆಗೆ ಬಟ್ಟೆ ಮುಚ್ಚಿ, ಮಗಳ ಕೈ ಹಿಡಿದು ಇಳಿದಳು. ಮಗಳ ಪ್ರಶ್ನೆಯಿಂದ ಸದ್ಯಕ್ಕೆ ತಪ್ಪಿಸಿಕೊಂಡೆನಲ್ಲ ಎಂದು ಒಳಗೊಳಗೇ ಹಗುರವೂ ಆಯಿತು.

ವ್ಯಾನಿನಲ್ಲಿ ಪಕ್ಕದ ಮನೆಯ ಉಮ್ಮ್ ಜಿನಾನ್ ಆಗಲೇ ಕಾಲು ಚಾಚಿ ಕೂತಿದ್ದಳು.

“ಬಾರೇ, ಕೂತ್ಕೋ. ಎರಡು ವರ್ಷದಲ್ಲಿ ನಾನು ನಾಲ್ಕು ಸಲ ಸತ್ತಿದ್ದೀನಿ, ಒಂದ್ಸಲಾನೂ ಮುಖ ತೋರಿಸಿಲ್ಲ ಇವರು. ಬರೀ ಕಾಲು! ಸ್ವೀಡನ್‌ನಿಂದ ನಮ್ಮಕ್ಕ ಫೋನ್ ಮಾಡಿ, ‘ಚಪ್ಪಲಿ ನೋಡಿ ನೀನೇ ಅಂತ ಗೊತ್ತಾಯ್ತು ಕಣೇ’ ಅಂದ್ಲು.”

ರಫೀಫ್ ನಕ್ಕಳು. ಸಾಹಿರಾಳಿಗೂ ನಗು ಬಂತು.

ಊರಾಚೆಯ ಬಯಲಿನಲ್ಲಿ ಅರ್ಧ ಬಾಗ್ದಾದ್ ಎದ್ದಿತ್ತು. ಮುಂದೆ ಗೋಡೆ, ಹಿಂದೆ ಹಲಗೆ. ಆದರೆ ಟೊಮೆಟೊ ಎಲ್ಲೂ ಕಾಣಲಿಲ್ಲ. ಮರಳಿನ ಚೀಲಗಳು, ಮುಳ್ಳುತಂತಿ, ಒಂದು ಬಿಳಿ ಕಾರು. ರಸ್ತೆಗೆ ಅಡ್ಡಲಾಗಿ ಆಳೆತ್ತರದ ಬೋರ್ಡ್: ‘ನಿಲ್ಲಿ, ಇಲ್ಲವೇ ಗುಂಡು ಹಾರಿಸುತ್ತೇವೆ.’

“ಸೀನು ಬದಲಾಯ್ತು ತಂಗಿ,” ಅಬೂ ಗಾಜಿ ಬೆವರು ಒರೆಸಿಕೊಂಡ. “ಸೈನಿಕರು ಮೂರು ಸಲ ಕೂಗ್ತಾರೆ, ಗಾಳೀಲಿ ಒಂದು ಗುಂಡು ಹಾರಿಸ್ತಾರೆ. ಆದ್ರೂ ಕಾರು ನಿಲ್ಲಲ್ಲ. ಆಮೇಲೆ ಹೊಡೀತಾರೆ. ನೀನು ಕಾರು ಓಡಿಸೋನ ಹೆಂಡ್ತಿ. ಓಡಿಬಂದು ‘ಕರೀಂ, ಕರೀಂ’ ಅಂತ ಎದೆ ಬಡ್ಕೊಂಡ್ರೆ ಆಯ್ತು.”

“ಅಲ್ಲಿ ಬೋರ್ಡ್ ಇರಲಿಲ್ಲ,” ಅಂದಳು ಸಾಹಿರಾ.

“ಎಲ್ಲಿ?”

“ಅಲ್ಲಿ. ಕೂಗಲೂ ಇಲ್ಲ.”

ಅಬೂ ಗಾಜಿ ಅವಳನ್ನು ಒಂದು ಕ್ಷಣ ನೋಡಿದ. ಕೆಟ್ಟ ಮನುಷ್ಯನೇನಲ್ಲ. “ಸಿನಿಮಾ ತಾಯಿ ಇದು,” ಅಂದ ಮೆಲ್ಲಗೆ. “ಬೋರ್ಡ್ ಇರಬೇಕಾಗುತ್ತೆ. ಇಲ್ದಿದ್ರೆ ಗುಂಡು ಹಾರ್ಸೋ ಹೀರೋ ಮೇಲೆ ತಪ್ಪು ಬರುತ್ತಲ್ಲ.”

“ನನಗೆ ಆಗಲ್ಲ. ಬೇರೆಯವರನ್ನ ಹಾಕಿ.”

“ಬೇರೆ ಯಾರು, ನಾನಾ?” ಉಮ್ಮ್ ಜಿನಾನ್ ಅವಳ ಕಿವಿಯಲ್ಲಿ ಹೇಳಿದಳು. “ನಾನು ಹೋದ ವಾರವೇ ಸತ್ತಾಗಿದೆ. ಇವತ್ತು ಆಗಲ್ಲ ಅಂದ್ರೆ ನಾಳೆ ವ್ಯಾನು ನಮ್ಮ ಬೀದಿಗೇ ಬರಲ್ಲ ಕಣೇ. ಬಾಯಲ್ಲಿ ಅಳು, ಮನಸ್ಸನ್ನ ಮನೇಲಿಡು.”

ಮಗಳನ್ನು ಇಲ್ಲಿಗೆ ಕರೆತರಬಾರದಿತ್ತು. ಅವಳನ್ನು ಊಟದ ಟೆಂಟಿನಲ್ಲಿ ಕೂರಿಸಿ, ಕೈಗೆ ರೊಟ್ಟಿ ಕೊಟ್ಟು, “ಹೊರಗೆ ಬರಬೇಡ, ಆ ಕಡೆ ನೋಡಬೇಡ” ಎಂದು ಎರಡು ಸಲ ಹೇಳಿ ಸಾಹಿರಾ ಹೋಗಿ ನಿಂತಳು. ಕರೀಂ, ಕರೀಂ. ಬರಿಯ ಹೆಸರು, ಯಾರದೋ ಹೆಸರು. ಯಾವ ಹೆಂಡತಿ ಸತ್ತ ಗಂಡನನ್ನು ಹಾಗೆ ಹೆಸರು ಹಿಡಿದು ಕೂಗಿ ಅಳುತ್ತಾಳೆ? ಬರೆದವನಿಗೆ ಅಷ್ಟೂ ಗೊತ್ತಿಲ್ಲ. ಒಳ್ಳೆಯದೇ ಆಯಿತು, ಅಳು ತನ್ನದಾಗುವುದಿಲ್ಲ ಅಂದುಕೊಂಡಳು.

ಕಾರು ಬಂತು. ಸೈನಿಕರು ಮೂರು ಸಲ ಕೂಗಿದರು. ಗುಂಡಿನ ಸದ್ದಿಗೆ ಕಾರಿನ ಗಾಜು ಪುಡಿಯಾಗಿ ಉದುರಿತು. ಆ ಗಾಜು ಉದುರುವ ಸದ್ದೊಂದು ಇರಬಾರದಿತ್ತು. ಸಾಹಿರಾ ಓಡಿಹೋಗಿ ಕಾರಿನ ಬಾಗಿಲ ಬಳಿ ನೆಲಕ್ಕೆ ಕೂತಳು. ಎರಡೂ ಕೈ ತಾವಾಗಿಯೇ ಎದ್ದು ಎದೆಗೆ ಬಿದ್ದವು.

“ಅಬೂ ರಫೀಫ್!” ಎಂದು ಚೀರಿದಳು. “ರಫೀಫಳ ಅಪ್ಪಾ! ಕಣ್ಣು ಬಿಡು, ಮಗು ಎದ್ದಿದೆ, ಮಗುಗೆ ಏನು ಹೇಳಲಿ? ಅಬೂ ರಫೀಫ್!”

ಉಮ್ಮ್ ಜಿನಾನ್ ಬಾಯಿಗೆ ತಲೆವಸ್ತ್ರದ ತುದಿ ಒತ್ತಿಕೊಂಡಳು. ನಿರ್ದೇಶಕ ಕೈ ಎತ್ತಿ ಏನೋ ಹೇಳಿದ. ಅಬೂ ಗಾಜಿ ಬಂದು ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತ. ಅವನ ಕಣ್ಣು ನೆಲದ ಮೇಲಿತ್ತು.

“ತುಂಬಾ ಜೋರಾಯ್ತಂತೆ ತಂಗಿ. ಹೀರೋ ಅಳೋದು ಕೇಳಿಸ್ತಿಲ್ಲವಂತೆ. ನೀನು ಆ ಗೋಡೆ ಹತ್ರ ಹೋಗಿ, ಬರೀ ಬಾಯಿ ಆಡಿಸ್ಬೇಕಂತೆ. ದನಿ ಆಮೇಲೆ ಬೇರೆ ಹಾಕ್ಕೋತಾರಂತೆ.”

ಗುಂಡು ಹಾರಿಸಿದ ಸೈನಿಕ ಚೀಲಗಳ ಮೇಲೆ ಕುಳಿತಿದ್ದ. ಮೇಕಪ್ಪಿನವಳೊಬ್ಬಳು ಅವನ ತಲೆ ಹಿಂದಕ್ಕೆ ಬಾಗಿಸಿ, ಕಣ್ಣಿಗೆ ಹನಿ ಹಾಕಿ, ಕೆನ್ನೆಯ ಮೇಲೆ ಇಳಿದ ನೀರನ್ನು ಸರಿಯಾದ ಜಾಗದಲ್ಲಿ ನಿಲ್ಲಿಸುತ್ತಿದ್ದಳು. ಕ್ಯಾಮೆರಾ ಅವನ ಮುಖದ ಹತ್ತಿರ ಹತ್ತಿರ ಹೋಯಿತು.

ಸಾಹಿರಾ ಎದ್ದು ಅಬಾಯಾದ ಧೂಳು ಕೊಡವಿಕೊಂಡು ತಿರುಗಿದಳು. ರಫೀಫ್ ಹಿಂದೆಯೇ ನಿಂತಿದ್ದಳು. ಯಾವಾಗ ಟೆಂಟಿನಿಂದ ಬಂದಳೋ. ಕೈಯಲ್ಲಿನ ರೊಟ್ಟಿ ಹಾಗೇ ಇತ್ತು. ಅವಳು ತಾಯಿಯನ್ನು ನೋಡುತ್ತಿರಲಿಲ್ಲ, ಆ ಸೈನಿಕನನ್ನು ನೋಡುತ್ತಿದ್ದಳು.

“ಬಾ ಕಂದಾ, ಹೋಗೋಣ.”

ಮಗಳು ಕದಲಲಿಲ್ಲ.

“ಯುಮ್ಮಾ,” ಅಂದಳು, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ, “ನಮ್ಮ ಬಾಬಾನ್ನ ಹೊಡೆದವನೂ ಹೀಗೇ ಅತ್ತನಾ?”