ಬೀಳದೆ ಉಳಿದ ಅರ್ಧ

ಹಂಸ ಹುಟ್ಟಿದ್ದು ದೊಮ್ಮಲೂರಿನ ಹಳೇ ಊರಿನಲ್ಲಿ. ಅವಳ ತಾತ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ಗಾಜಿನ ಆಫೀಸುಗಳಿವೆ. ಆ ಮನೆತನದಲ್ಲಿ ಹಿಮ ಕಂಡವರು ಯಾರೂ ಇರಲಿಲ್ಲ. ಕಾಲೇಜು ಮುಗಿದ ವರ್ಷ ಮನಾಲಿಯ ಕಡೆ ಪರ್ವತಾರೋಹಣದ ತರಬೇತಿಗೆ ಹೊರಟವಳು, ಹರಿದ ಬೆನ್ನುಚೀಲ ಹೊಲಿಸಲು ಶಿವಾಜಿನಗರದ ಅಂಗಡಿಯೊಂದಕ್ಕೆ ಹೋದಳು. ಟಾರ್ಪಾಲು, ಬ್ಯಾಗು ಹೊಲಿಯುವ ಅಂಗಡಿ. ಮೆಷಿನ್ ಮುಂದೆ ಕೂತಿದ್ದವನು ಗಯಾಜ್, ಅವಳದೇ ವಯಸ್ಸಿನವನು.

"ಇಷ್ಟು ದೊಡ್ಡ ಬ್ಯಾಗ್ ಹೊತ್ಕೊಂಡು ಎಲ್ಲಿಗ್ ಹೋಗ್ತೀರಾ ಮೇಡಂ?"

"ಹಿಮದ ಬೆಟ್ಟಕ್ಕೆ."

"ಅಲ್ಲೇನಿದೆ?"

"ಗೊತ್ತಿಲ್ಲ. ನೋಡ್ಕೊಂಡ್ ಬಂದು ಹೇಳ್ತೀನಿ."

ಬಂದು ಹೇಳಿದಳು. ಮುಂದಿನ ವರ್ಷ ಅವನೂ ಹೊರಟ. ಕಾಲಿಗೆ ಸ್ಕೀ ಕಟ್ಟಿಕೊಂಡೇ ಬೆಟ್ಟ ಹತ್ತುವುದು, ತುದಿಯಿಂದ ಜಾರಿಕೊಂಡು ಇಳಿಯುವುದು ಇಬ್ಬರಿಗೂ ಹುಚ್ಚಾಯಿತು. ಬೇಸಿಗೆಯಲ್ಲಿ ಊರಿನಲ್ಲಿದ್ದಾಗ ಗಾಲಿಯ ಸ್ಕೀ ಹಾಕಿಕೊಂಡು ಹಲಸೂರು ಕೆರೆಯ ಪಕ್ಕ ಬೆಳಿಗ್ಗೆ ಓಡುತ್ತಿದ್ದರು. ಟೀ ಅಂಗಡಿಯವರು ನಗುತ್ತಿದ್ದರು. "ನಗ್ಲಿ ಬಿಡು ಗುರು," ಎನ್ನುತ್ತಿದ್ದ ಗಯಾಜ್, "ಇವ್ರು ಐಸ್ ನೋಡಿರೋದು ಮೀನಿನ ಮೇಲೆ ಮಾತ್ರ."

ಹಂಸ ಅಷ್ಟಕ್ಕೆ ನಿಲ್ಲಲಿಲ್ಲ. ಹಿಮ ಯಾಕೆ ಕುಸಿಯುತ್ತದೆ ಎಂಬುದನ್ನೇ ಓದಿದಳು. ಹಿಮಾಚಲದ ಒಂದು ಕಣಿವೆಯಲ್ಲಿ, ಚಳಿಗಾಲದಲ್ಲಿ ರಸ್ತೆಯನ್ನು ಯಾವಾಗ ಮುಚ್ಚಬೇಕು, ಯಾವಾಗ ತೆರೆಯಬೇಕು ಎಂದು ಹೇಳುವ ಕೆಲಸ ಅವಳದಾಯಿತು. ಇಳಿಜಾರಿನಲ್ಲಿ ಗುಂಡಿ ತೋಡಿ ಹಿಮದ ಪದರಗಳನ್ನು ಬೆರಳಿನಿಂದ ಒತ್ತಿ ನೋಡುತ್ತಿದ್ದಳು. ಕೆಳಗಿನ ಪದರ ರವೆಯಂತೆ ಉದುರುತ್ತಿದ್ದು, ಮೇಲಿನದು ಹಲಗೆಯಂತೆ ಗಟ್ಟಿಯಾಗಿದ್ದರೆ ಆ ಇಳಿಜಾರಿಗೆ ಕಾಲಿಡುವ ಹಾಗಿಲ್ಲ. ಪ್ರತಿ ಚಳಿಗಾಲ ಗಯಾಜ್ ಅವಳ ಜೊತೆಗಾರನಾಗಿ ಹೋಗುತ್ತಿದ್ದ. ಸುಮೈರಾಳನ್ನು ಮದುವೆಯಾದ ಮೇಲೂ ಹೋದ. "ಹಂಸಕ್ಕ ಇದ್ರೆ ನಂಗೆ ಭಯ ಇಲ್ಲ" ಎಂದು ಸುಮೈರಾ ಹೇಳುತ್ತಿದ್ದಳು.

ಹೋದ ಮಾರ್ಚಿನಲ್ಲಿ ಅವರಿಬ್ಬರೂ ರಸ್ತೆಯ ಮೇಲಿನ ಬೆಟ್ಟ ನೋಡಲು ಹೊರಟರು. ಅರ್ಧ ದಾರಿಯಲ್ಲಿ ಕಾಲಡಿಯ ಹಿಮ 'ಧುಂ' ಎಂದು ಕುಗ್ಗಿತು, ಒಳಗಿನ ಪದರ ಮುರಿದ ಸದ್ದು. ಹಂಸ ಕೂಡಲೇ ತಿರುಗಿ ಹೋಗೋಣ ಎಂದಳು. ಗಯಾಜ್ ಎದುರಾಡಲಿಲ್ಲ. ಹಿಂತಿರುಗುವಾಗ, ಒಬ್ಬೊಬ್ಬರೇ ದಾಟುವ ನಿಯಮದಂತೆ, ಅವನು ಮುಂದೆ ಹೋದ. ಮೇಲಿನಿಂದ ಬೆಟ್ಟದ ಮೈ ಬಿರುಕು ಬಿಟ್ಟಿತು. ಅರ್ಧ ಕುಸಿದು ಗಯಾಜ್‌ನನ್ನು ಕೊಚ್ಚಿಕೊಂಡು ಹೋಯಿತು. ಇನ್ನರ್ಧ ಹಾಗೆಯೇ ಮೇಲೆ ನೇತಾಡುತ್ತಾ ನಿಂತಿತು.

ಹಿಮದಲ್ಲಿ ಹೂತವರನ್ನು ಹುಡುಕಲೆಂದು ಇಬ್ಬರೂ ಎದೆಗೆ ಒಂದು ಸಣ್ಣ ಯಂತ್ರ ಕಟ್ಟಿಕೊಂಡಿದ್ದರು. ಅವಳ ಯಂತ್ರಕ್ಕೆ ಅವನದರ ಸದ್ದು ಸಿಕ್ಕಿತು. ಅದು ಬರುತ್ತಿದ್ದುದು ಆ ನೇತಾಡುವ ಅರ್ಧದ ನೇರ ಕೆಳಗಿನಿಂದ. ಹಂಸ ಹಿಂದೆಮುಂದೆ ನೋಡದೆ ಒಳಗೆ ನುಗ್ಗಿದಳು. ಉದ್ದದ ಸಲಾಕೆ ಪೂರ್ತಿ ಇಳಿದರೂ ಅವನಿಗೆ ತಾಕಲಿಲ್ಲ. ಎರಡಾಳು ಆಳಕ್ಕೂ ಹೆಚ್ಚು. ಕುಸಿದು ಬಿದ್ದ ಹಿಮ ಸಿಮೆಂಟಿನಂತೆ ಬಿಗಿದುಕೊಂಡಿತ್ತು. ಒಬ್ಬಳೇ ಅಗೆದಳು, ಕೂಗುತ್ತಾ ಅಗೆದಳು, ಕೈ ಎತ್ತಲಾಗದಷ್ಟು ಅಗೆದಳು.

ಆಗ ರಸ್ತೆ ಕ್ಯಾಂಪಿನ ನಾಲ್ವರು ಸಲಿಕೆ ಹಿಡಿದು ಓಡಿಬಂದರು. ಎಲ್ಲರೂ ಹೆಂಡತಿ ಮಕ್ಕಳಿದ್ದವರು. ಹಂಸ ತಲೆಯೆತ್ತಿ ಮೇಲಿನ ಹಿಮವನ್ನು ನೋಡಿದಳು. ಗಾಳಿ ಅದರ ಮೇಲೆ ಇನ್ನಷ್ಟು ಹಿಮ ತಂದು ಸುರಿಯುತ್ತಿತ್ತು. ಗಯಾಜ್ ಹೂತು ಒಂದು ಗಂಟೆಯೇ ದಾಟಿತ್ತು. ಅಷ್ಟು ಹೊತ್ತಿನ ಮೇಲೆ ಬದುಕುವವರು ಎಷ್ಟು ಜನ ಎಂಬುದು ಅವಳಿಗಿಂತ ಚೆನ್ನಾಗಿ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವಳು ಗುಂಡಿಯಿಂದ ಹತ್ತಿ ಬಂದು ಎರಡೂ ಕೈ ಚಾಚಿ ಅಡ್ಡ ನಿಂತಳು. ಯಾರೂ ಬರಕೂಡದೆಂದು ಕಿರುಚಿದಳು. ಅವರನ್ನು ಕರೆದುಕೊಂಡು ಕೆಳಗಿಳಿದಳು. ಯಂತ್ರವನ್ನು ಆರಿಸಲು ಮಾತ್ರ ಅವಳಿಂದ ಆಗಲಿಲ್ಲ. ದೂರವಾಗುತ್ತಾ ಅದು ತಾನಾಗಿಯೇ ಸುಮ್ಮನಾಯಿತು.

ಏಪ್ರಿಲ್‌ನಲ್ಲಿ ಅವಳು ಶಿವಾಜಿನಗರಕ್ಕೆ ಬಂದಾಗ ಸುಮೈರಾ ಬಾಗಿಲಲ್ಲೇ ನಿಂತಳು. ಕ್ಯಾಂಪಿನ ಯಾರೋ ಫೋನಿನಲ್ಲಿ ಎಲ್ಲ ಹೇಳಿದ್ದರು.

"ನಾಲ್ಕು ಜನ ಅಗೆಯೋಕೆ ರೆಡಿ ಇದ್ರಂತೆ. ನೀವೇ ನಿಲ್ಸಿದ್ರಂತೆ. ನಿಜಾನಾ?"

"ನಿಜ. ಮೇಲಿಂದು ಬಿದ್ದಿದ್ರೆ ಅವರೂ ಹೋಗ್ತಿದ್ರು ಸುಮೈರಾ."

"ಬಿತ್ತಾ?"

ಹಂಸ ಹೆಗಲ ಚೀಲ ಇಳಿಸಿ ಕೆಳಗಿಟ್ಟಳು.

"ಕೇಳ್ತಿದೀನಲ್ಲ, ಬಿತ್ತಾ?"

"ಇಲ್ಲ. ಇನ್ನೂ ಹಾಗೇ ಇದೆ."

ಸುಮೈರಾ ಬಾಗಿಲು ಹಾಕಿಕೊಂಡಳು. ಹಿರಿಯರು ಇದ್ದತ್‌ಗೆ, ಗಂಡ ಹೋದವಳು ಆಚರಿಸುವ ಶೋಕಕ್ಕೆ, ಕೂರು ಎಂದರೆ, ಗಂಡ ಸತ್ತದ್ದನ್ನು ಕಣ್ಣಾರೆ ನೋಡದೆ ವಿಧವೆಯಾಗಿ ಕೂರುವುದಿಲ್ಲ ಎಂದು ಹಟ ಹಿಡಿದಳಂತೆ. ಆ ಅರ್ಧ ಹಿಮ ಕೊನೆಗೂ ಬೀಳಲಿಲ್ಲ. ಬಿಸಿಲಿಗೆ ಹನಿಹನಿಯಾಗಿ ಕರಗಿ ಹೋಯಿತು. ತಾನು ಮಾಡಿದ್ದು ಸರಿ ಎನ್ನಲು ಹಂಸಳಿಗೆ ಯಾವ ಸಾಕ್ಷಿಯೂ ಉಳಿಯಲಿಲ್ಲ.

ಜೂನ್‌ನಲ್ಲಿ ಕಣಿವೆಯ ತಳದ ಹಿಮ ತೆಳುವಾದಾಗ ಅವಳೇ ಆ ನಾಲ್ವರ ಜೊತೆ ಹೋಗಿ ಅಗೆದಳು. ಗಯಾಜ್ ಸಿಕ್ಕ. ಒಂದು ಕೈ ಮುಖದ ಮುಂದೆ ಇತ್ತು. ಬಾಯಿಯ ಎದುರು ಬೊಗಸೆಯಷ್ಟು ಜಾಗ. ಅದರ ಗೋಡೆ ಉಸಿರಿನ ಬಿಸಿಗೆ ಕರಗಿ, ಮತ್ತೆ ಗಟ್ಟಿಯಾಗಿ ಗಾಜಿನಂತಾಗಿತ್ತು. ಉಳಿದವರು ಏನೂ ಗಮನಿಸಲಿಲ್ಲ. ಅದರ ಅರ್ಥ ಹಂಸಳಿಗೆ ಮಾತ್ರ ಗೊತ್ತಾಯಿತು. ಅವಳು ಅಲ್ಲೇ ಕೂತುಬಿಟ್ಟಳು.

ಗಯಾಜ್‌ನ ಮಯ್ಯತ್ ಊರಿಗೆ ಬಂದ ದಿನ ಓಣಿಯಲ್ಲಿ ಅಂಗಡಿಗಳು ಅರ್ಧ ಬಾಗಿಲು ಹಾಕಿದ್ದವು. ಗಂಡಸರು ಹೆಗಲು ಕೊಟ್ಟು ಖಬರಸ್ತಾನಕ್ಕೆ ನಡೆದರು. ಹೆಂಗಸರು ಅಂಗಡಿಯ ಮೇಲಿನ ಮನೆಯಲ್ಲೇ ಉಳಿದರು. ಗಯಾಜ್‌ನ ಅಮ್ಮಿಯ ಸುತ್ತ ಕೂತವರು ಕುರಾನ್ ಓದುತ್ತಿದ್ದರು. ಹಂಸ ಮೆಟ್ಟಿಲ ಹತ್ತಿರ ನಿಂತಿದ್ದಳು. ಸುಮೈರಾ ಬಂದು ಅವಳ ತೋಳು ಹಿಡಿದು ಅಡುಗೆಮನೆಗೆ ಕರೆದೊಯ್ದು ಬಾಗಿಲು ಮುಂದೆ ಮಾಡಿದಳು.

"ಒಂದೇ ಒಂದು ಕೇಳ್ತೀನಿ. ಸುಳ್ಳು ಹೇಳ್ಬೇಡಿ ಹಂಸಕ್ಕ. ಅವರು ತಕ್ಷಣ ಹೋಗ್ಬಿಟ್ರಾ?"

ಎಲ್ಲರಿಗೂ ಹಂಸ ಹೌದೆಂದೇ ಹೇಳಿಕೊಂಡು ಬಂದಿದ್ದಳು. ಸುಮೈರಾಳ ಮುಖ ನೋಡಿ ಆ ಮಾತು ಬಾಯಿಗೆ ಬರಲಿಲ್ಲ.

"ಇಲ್ಲ. ಸ್ವಲ್ಪ ಹೊತ್ತು ಉಸಿರಾಡಿದಾನೆ. ಅರ್ಧ ಗಂಟೆ ಇರ್ಬೋದು, ಜಾಸ್ತೀನೂ ಇರ್ಬೋದು."

ಸುಮೈರಾ ಗೋಡೆಗೆ ಒರಗಿದಳು. ನಲ್ಲಿ ತೊಟ್ಟಿಕ್ಕುತ್ತಿತ್ತು, ತಿರುಗಿಸಿ ನಿಲ್ಲಿಸಿದಳು.

"ನೀವು ಮೇಲೆ ಅಗೀತಿದ್ದಿದ್ದು ಅವರಿಗೆ ಕೇಳ್ಸಿರುತ್ತಾ?"

"ಕೇಳ್ಸಿರ್ಬೋದು. ಮೇಲಿನ ಸದ್ದು ಕೆಳಗೆ ಹೋಗುತ್ತೆ. ಕೆಳಗಿನವರು ಕೂಗಿದ್ದು ಮೇಲೆ ಬರಲ್ಲ."

"ಏನಂತ ಕೂಗ್ತಿದ್ರಿ?"

"ಅವನ ಹೆಸರು. ಬಂದ್ಬಿಟ್ಟೆ ಇರೋ, ಬಂದ್ಬಿಟ್ಟೆ ಅಂತಿದ್ದೆ. ಸುಮೈರಾಗೆ ನಾನೇನ್ ಹೇಳ್ಲೋ ಅಂತ ಬೈದೆ."

"ನನ್ ಹೆಸರು ಹೇಳಿದ್ರಾ?"

"ಹೇಳ್ದೆ."

ಸುಮೈರಾ ನಿಲ್ಲಿಸಿದ್ದ ನಲ್ಲಿಯನ್ನು ಇನ್ನೊಮ್ಮೆ ಬಿಗಿದಳು. ಆಮೇಲೆ ಕೇಳಿದಳು, ಈ ಸಲ ಬಹಳ ಮೆಲ್ಲಗೆ. "ಆಮೇಲೆ 'ಯಾರೂ ಬರ್ಬೇಡಿ' ಅಂತ ಕೂಗಿದ್ರಲ್ಲ. ಅದು?"

ತಿಂಗಳುಗಳಿಂದ ಹಂಸ ತನ್ನನ್ನು ತಾನು ಕೇಳಿಕೊಳ್ಳಲು ಹೆದರಿದ್ದ ಪ್ರಶ್ನೆ ಅದು. "ಗೊತ್ತಿಲ್ಲ," ಎಂದಳು. "ಅಷ್ಟೊತ್ತಿಗೆ ಇರ್ಲಿಲ್ಲ ಅನ್ಕೊಂಡಿದೀನಿ. ಆದ್ರೆ ಗೊತ್ತಿಲ್ಲ ಕಣೇ." ಹೇಳುತ್ತಲೇ ನೆಲಕ್ಕೆ ಕುಸಿದು ಬಾಯಿಗೆ ಸೆರಗು ಒತ್ತಿಕೊಂಡಳು, ಹೊರಗೆ ಕೇಳಿಸದಿರಲೆಂದು.

ಸುಮೈರಾ ಅವಳನ್ನು ಮುಟ್ಟಲಿಲ್ಲ, ಹೋಗು ಎನ್ನಲೂ ಇಲ್ಲ. ಎದುರಿಗೆ ತಾನೂ ನೆಲದ ಮೇಲೆ ಕೂತಳು. ಖಬರಸ್ತಾನದಿಂದ ಗಂಡಸರು ಹಿಂತಿರುಗುವ ಸದ್ದು ಓಣಿಯಲ್ಲಿ ಕೇಳುವ ತನಕ ಇಬ್ಬರೂ ಹಾಗೆಯೇ ಇದ್ದರು. ಏಳುವಾಗ ಸುಮೈರಾ ಹೇಳಿದ್ದು ಇಷ್ಟೇ: "ಅಮ್ಮಿಗೆ ಮಾತ್ರ ಹೇಳ್ಬೇಡಿ. ತಕ್ಷಣ ಹೋದ ಅಂತ್ಲೇ ಇರ್ಲಿ."

ಆಮೇಲೆ ಅವರು ಭೇಟಿಯಾಗಲಿಲ್ಲ. ಹಂಸ ಮನೆಯಿಂದ ಹೊರಗೆ ಬರುವುದೇ ಕಡಿಮೆಯಾಯಿತು. ತಮ್ಮ ಕೆಂಪರಾಜ್ ಇಂದಿರಾನಗರದ ಯಾವುದೋ ಜಿಮ್‌ನಲ್ಲಿ ಕೆಲಸ ನೋಡಿಟ್ಟ. ಹೋಗಲಿಲ್ಲ. ಡಿಸೆಂಬರ್‌ನಲ್ಲಿ ಕಣಿವೆಯಲ್ಲಿ ಹಿಮ ಸುರಿಯತೊಡಗಿದಾಗ ಆ ನಾಲ್ವರಲ್ಲೊಬ್ಬನಾದ ಕ್ಯಾಂಪಿನ ಮೇಸ್ತ್ರಿ ಫೋನ್ ಮಾಡಿದ. ಅವಳ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ, ಮೇಲಧಿಕಾರಿಗಳು ರಸ್ತೆ ತೆರೆದಿಡಿ ಎನ್ನುತ್ತಿದ್ದಾರೆ, ತಾವು ನಾಲ್ವರೂ ಆ ರಸ್ತೆಯಲ್ಲೇ ಕೆಲಸದಲ್ಲಿದ್ದೇವೆ ಎಂದ. ಮಾರನೆಯ ದಿನವೇ ಹಂಸ ಹೊರಟಳು.

ವಿಮಾನ ನಿಲ್ದಾಣಕ್ಕೆ ಬಿಡಲು ಹೊರಟ ಕೆಂಪರಾಜ್‌ನ ಕಾರು ಟಿನ್ ಫ್ಯಾಕ್ಟರಿಯ ಜಾಮಿನಲ್ಲಿ ಸಿಕ್ಕಿಕೊಂಡಿತು. ಅವನು ತಡೆಯಲಾರದೆ ಕೇಳಿದ, "ಅಕ್ಕ, ಅಲ್ಲಿ ಇನ್ನೇನಿದೆ ನಿಂಗೆ?"

"ಏನೂ ಇಲ್ಲ ಕಣೋ. ಆ ರಸ್ತೆ ಮುಚ್ಸೋಕೆ ಯಾರಾದ್ರೂ ಬೇಕಲ್ಲ."

ಮುಂದಿದ್ದ ಬಸ್ಸು ಕದಲಿತು. ಕೆಂಪರಾಜ್ ಗೇರ್ ಹಾಕಿದ.