ಪೆನ್ಸಿಲ್ ಗುರುತಿನ ಪುಸ್ತಕ

ಫೇಲಾದವಳಿಗೆ ಬುದ್ಧಿ ಹೇಳಲು ಜನ ತಯಾರಾಗಿಯೇ ಇರುತ್ತಾರೆ. ನಾನಂತೂ ಸುಮ್ಮನಿದ್ದವರನ್ನೂ ಹುಡುಕಿಕೊಂಡು ಹೋಗಿ ಕೇಳಿದೆ. ಅಮೆರಿಕದಲ್ಲಿ ನರ್ಸ್ ಆಗಲು ಬರೆಯಬೇಕಾದ ಲೈಸೆನ್ಸ್ ಪರೀಕ್ಷೆಯಲ್ಲಿ ನಾನು ಫೇಲಾಗಿ ಎರಡು ತಿಂಗಳಾಗಿತ್ತು. ಆ ಎರಡು ತಿಂಗಳಲ್ಲಿ ಓದಿದ್ದಕ್ಕಿಂತ ಯಾವುದನ್ನು ಓದಲಿ ಎಂದು ಕೇಳಿದ್ದೇ ಹೆಚ್ಚು.

ಉಪ್ಪಲ್‌ನಲ್ಲಿ ನಾನು ಕೆಲಸ ಮಾಡುವ ಆಸ್ಪತ್ರೆಯಲ್ಲಿ ರೇಣುಕಕ್ಕ ನನಗಿಂತ ಸೀನಿಯರ್. ಒಂದೇ ಏಟಿಗೆ ಪಾಸಾದವಳು. "ದಪ್ಪನ್ ಪುಸ್ತಕ ಮೊದಲಿಂದ ಓದ ಸುವರ್ಣಾ, ಒಂದ್ ಹಾಳಿ ಬಿಡಬ್ಯಾಡ" ಎಂದಳು. ಇನ್ನೊಬ್ಬಳು ಪುಸ್ತಕವೇ ಬೇಡ, ಆ್ಯಪ್ ಸಾಕು ಎಂದಳು. ಟೆಲಿಗ್ರಾಂನಲ್ಲಿ ಮೂರು ಗುಂಪಿಗೆ ಸೇರಿಕೊಂಡೆ. ದಿನ ಬೆಳಗಾದರೆ ಯಾರೋ ಒಬ್ಬರು ಪಿಡಿಎಫ್ ಹಾಕುವುದು, ಇನ್ನೊಬ್ಬರು ಅದು ಹಳೆಯದು ಎನ್ನುವುದು. ಎಲ್ಲವನ್ನೂ ಇಳಿಸಿಕೊಂಡೆ, ಒಂದನ್ನೂ ಹತ್ತು ಪುಟ ದಾಟಿ ಓದಲಿಲ್ಲ. ಇದನ್ನು ತೆರೆದರೆ ಅದರಲ್ಲಿ ಏನಿದೆಯೋ ಎಂಬ ಸಂಕಟ, ಅದನ್ನು ತೆರೆದರೆ ಇದರ ಚಿಂತೆ. ನನ್ನ ಮೇಲೆ ನನಗೇ ಸಿಟ್ಟು ಬರುತ್ತಿತ್ತು.

ಸಿಟ್ಟಿಗೆ ಸರಿಯಾದ ಕಾರಣವೂ ಇತ್ತು. ಎರಡನೇ ಸಲ ಬರೆಯಲು ಅನುಮತಿ ಬಂದಾಗಿತ್ತು. ಅದರ ಗಡುವು ಮುಗಿಯುವುದರೊಳಗೆ ಒಂದು ದಿನ ಆರಿಸಿಕೊಳ್ಳಬೇಕು. ಈ ಸಲವೂ ಆಗದಿದ್ದರೆ ಪಟ್ಟಿಯಿಂದ ನನ್ನ ಹೆಸರು ತೆಗೆಯುವುದಾಗಿ ಅಮೆರಿಕಕ್ಕೆ ನರ್ಸ್‌ಗಳನ್ನು ಕಳಿಸುವ ಏಜೆನ್ಸಿಯವರು ಹೇಳಿಬಿಟ್ಟಿದ್ದರು. ನಾನು ಮಾತ್ರ ದಿನ ಆರಿಸುವ ಪುಟವನ್ನು ತೆರೆಯುವುದು, ಮುಚ್ಚುವುದು. ಮೊದಲು ಪುಸ್ತಕ ಯಾವುದೆಂದು ಗೊತ್ತಾಗಲಿ, ಆಮೇಲೆ ದಿನ ಎಂದು ಹಟ ಹಿಡಿದಿದ್ದೆ.

ವಾರದ ರಜೆಯ ದಿನ ಅಮೀರ್‌ಪೇಟ್‌ಗೆ ಮೆಟ್ರೊ ಹತ್ತಿದೆ. ಅಲ್ಲೊಂದು ಕೋಚಿಂಗ್ ಸೆಂಟರಿನಲ್ಲಿ ಉಚಿತ ಕ್ಲಾಸಿತ್ತು. ಸಣ್ಣ ಕೋಣೆಯಲ್ಲಿ ಅರವತ್ತು ಹುಡುಗಿಯರು. ಸರ್ ನನ್ನ ಫಲಿತಾಂಶದ ಹಾಳೆ ನೋಡಿದರು. ಔಷಧಿಗಳ ಭಾಗದಲ್ಲಿ ನಾನು ಪಾಸಿನ ಗೆರೆಗಿಂತ ಮೇಲೆ. ಬಾಯಿಪಾಠದಲ್ಲಿ ನನ್ನನ್ನು ಮೀರಿಸುವವರಿಲ್ಲ. ಕೆಳಗಿದ್ದದ್ದು ರೋಗಿಯ ವಿಷಯದಲ್ಲಿ ನರ್ಸ್ ತಾನೇ ನಿರ್ಧರಿಸಬೇಕಾದ ಭಾಗದಲ್ಲಿ. ಸರ್ ಅದನ್ನು ಓದಿದರೋ ಇಲ್ಲವೋ, "ಎಲ್ಲ ಮೊದಲಿನಿಂದ ಓದಬೇಕಮ್ಮಾ" ಎಂದು ತೆಲುಗಿನಲ್ಲಿ ಹೇಳಿ ಫಾರ್ಮ್ ಮುಂದೆ ತಳ್ಳಿದರು. ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದು ಎದ್ದು ಬಂದೆ. ಮನೆಯಲ್ಲಿ ಕೇಳುವುದು ಯಾರನ್ನು? ಯಾದಗಿರಿ ಕಡೆಯಿಂದ ಈ ಊರಿಗೆ ದುಡಿಯಲು ಬಂದ ಅಪ್ಪ ತಾಯಪ್ಪ ಗೋಡೆ ಕಟ್ಟುವ ಗೌಂಡಿ, ಅವ್ವ ಅವನ ಜೊತೆ ಇಟ್ಟಂಗಿ ಹೊತ್ತವಳು. ಇಬ್ಬರಿಗೂ ಈ ಪರೀಕ್ಷೆಯ ಹೆಸರು ಹೇಳಲೂ ಬರುವುದಿಲ್ಲ.

ಮನೆಗೆ ಹೋಗಲು ಮನಸ್ಸಾಗದೆ ಸುಲ್ತಾನ್ ಬಜಾರಿನ ಹತ್ತಿರ ಇಳಿದು, ಹಳೆಯ ಪುಸ್ತಕ ಮಾರುವ ಫುಟ್‌ಪಾತಿಗೆ ಹೋದೆ. ಒಬ್ಬ ಮುದುಕರ ಬಳಿ ಒಂದೇ ಪುಸ್ತಕದ ಎರಡು ಪ್ರತಿ ಸಿಕ್ಕಿತು. ಬರೀ ಪ್ರಶ್ನೆಗಳು. ಪ್ರತಿ ಪ್ರಶ್ನೆಗೂ ಸರಿಯುತ್ತರ ಯಾಕೆ ಸರಿ, ಉಳಿದವು ಯಾಕೆ ತಪ್ಪು ಎಂದು ಪುಸ್ತಕದ ಕೊನೆಯಲ್ಲಿ ಬಿಡಿಸಿ ಹೇಳಿತ್ತು. ಒಂದು ಪ್ರತಿ ಹೊಸದರಂತೆ ಇತ್ತು. ಇನ್ನೊಂದರ ರಟ್ಟು ಹರಿದು, ಪುಟದ ತುಂಬ ಪೆನ್ಸಿಲ್ ಗುರುತು.

ಹೊಸದನ್ನೇ ಎತ್ತಿಕೊಂಡೆ. ಎತ್ತಿಕೊಂಡವಳು ಕೊಳ್ಳಬೇಕೋ ಬೇಡವೋ! ಫೋಟೊ ತೆಗೆದು ಮೂರೂ ಗುಂಪಿಗೆ ಹಾಕಿದೆ. ಒಬ್ಬರು ತಗೊ ಎಂದರು, ಇಬ್ಬರು ಬೇಡವೇ ಬೇಡ ಎಂದರು. ರೇಣುಕಕ್ಕನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಮುದುಕರಿಗೆ ಊಟದ ಹೊತ್ತು ಮೀರಿತ್ತು.

"ಪಢ್ನಾ ತುಮ್ಕು ಹೈ, ಸಬ್ಕು ಕಾಯ್ಕು ಪೂಛ್ತೆ ಅಮ್ಮಾ?" ಎಂದು ಗದರಿದರು. ಓದುವವಳು ನೀನು, ಊರವರನ್ನೆಲ್ಲ ಯಾಕೆ ಕೇಳುತ್ತೀ ಎಂದು. ಅವರಿಗೆ ವ್ಯಾಪಾರ ಮುಗಿಸಿ ಡಬ್ಬಿ ಬಿಚ್ಚುವ ಅವಸರ, ಅಷ್ಟೇ. ಆದರೂ ನನ್ನ ಕಿವಿ ಬಿಸಿಯಾಯಿತು. ಅವರ ಮುಖ ನೋಡಲಾಗದೆ ಹರಿದ ಪ್ರತಿಯ ಪುಟ ತಿರುವಿದೆ.

ಒಂದು ಪ್ರಶ್ನೆ ಕಣ್ಣಿಗೆ ಬಿತ್ತು. ಮಲಗಿರುವ ರೋಗಿಗೆ ಇದ್ದಕ್ಕಿದ್ದಂತೆ ಉಸಿರು ಸಿಕ್ಕುತ್ತಿಲ್ಲ, ನರ್ಸ್ ಮೊದಲು ಏನು ಮಾಡಬೇಕು? ನಾಲ್ಕು ಉತ್ತರ. ನನ್ನ ಬೆರಳು ತಾನಾಗಿ ಎರಡನೆಯದರ ಮೇಲೆ ಹೋಯಿತು: ಡಾಕ್ಟರಿಗೆ ತಿಳಿಸುವುದು. ಪೆನ್ಸಿಲಿನ ಟಿಕ್ ಕೂಡ ಅಲ್ಲೇ ಇತ್ತು. ಕೊನೆಯ ಪುಟಗಳನ್ನು ತೆರೆದು ನೋಡಿದರೆ ಉತ್ತರ ಒಂದನೆಯದು. ಮೊದಲು ಮಂಚದ ತಲೆಭಾಗ ಎತ್ತಿ ರೋಗಿಯನ್ನು ಕೂರಿಸು, ನಿನ್ನ ಕೈಯಲ್ಲಿರುವುದನ್ನು ಮಾಡು, ಆಮೇಲೆ ಡಾಕ್ಟರನ್ನು ಕರೆ.

ಮುಂದಿನ ಪುಟ ತಿರುವಿದೆ. ಅದರ ಮುಂದಿನದು. ಎಲ್ಲೆಲ್ಲಿ ಡಾಕ್ಟರಿಗೆ ತಿಳಿಸು, ಹಿರಿಯ ನರ್ಸನ್ನು ಕೇಳು ಎಂದು ಒಂದು ಉತ್ತರ ಇತ್ತೋ ಅಲ್ಲೆಲ್ಲ ಟಿಕ್. ಹೆಚ್ಚಿನವು ತಪ್ಪು. ಔಷಧಿಯ ಪ್ರಶ್ನೆಗಳೆಲ್ಲ ಸರಿ! ನಗು ಬಂತು. ನಗುತ್ತಲೇ ಕಣ್ಣು ತುಂಬಿತು. ಗುರುತು ಹಾಕಿದವಳು ಯಾರೋ ಏನೋ, ಮೆಹಬೂಬ್‌ನಗರದವಳೋ ನಮ್ಮ ಯಾದಗಿರಿ ಕಡೆಯವಳೋ. ಅವಳೂ ನನ್ನಂತೆ ಎಲ್ಲ ಕಂಠಪಾಠ ಮಾಡಿ, ಕೈ ಕಟ್ಟಿ ನಿಂತವಳು.

ನನ್ನ ಕೈ ಮೊದಲಿನಿಂದ ಹೀಗಿರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ ಒಬ್ಬ ಅಜ್ಜಿಗೆ ಉಸಿರು ಕಟ್ಟಿದಾಗ ಓಡಿಹೋಗಿ ಮಂಚ ಎತ್ತಿ ಆಕ್ಸಿಜನ್ ಇಟ್ಟಿದ್ದೆ. ಅಜ್ಜಿ ಚೇತರಿಸಿಕೊಂಡಳು. ಡ್ಯೂಟಿ ಡಾಕ್ಟರು ಅವಳ ಮಕ್ಕಳೆಲ್ಲರ ಎದುರು "ಎವರ್ನಿ ಅಡಿಗಿ ಪೆಟ್ಟಾವ್?" ಎಂದು ರೇಗಿದರು. ಯಾರನ್ನು ಕೇಳಿ ಇಟ್ಟೆ ಎಂದು. ಮನೆಗೆ ಬಂದು ಅತ್ತರೆ ಅಪ್ಪ ಡಾಕ್ಟರ ಪರವಾಗಿಯೇ ಮಾತಾಡಿದ.

"ಕೇಳಿ ಮಾಡಬೇಕ ಯವ್ವಾ. ನಾ ಒಮ್ಮಿ ಮೂರನೇ ಅಂತಸ್ತಿನ್ಯಾಗ ಗ್ವಾಡಿ ಕಟ್ಟುವಾಗ ಬಾಜೂಕಿನಾಂವ ಕಟ್ಟಿದ್ದು ಸೊಟ್ಟ ಹೊಂಟಿತ್ತು. ನನಗ ಕಂಡಿತ್ತು. ಆದ್ರೂ ಮೇಸ್ತ್ರಿ ಬರೂತನಕ ಬಾಯಿ ಬಿಡಲಿಲ್ಲ. ಹತ್ತ ವರ್ಷದಾಗ ಒಬ್ರೂ ನನಗ ಬೈದಿಲ್ಲ ನೋಡ."

ಮೇಸ್ತ್ರಿ ಬರುವ ಹೊತ್ತಿಗೆ ಆ ಗೋಡೆ ಎದೆಮಟ್ಟ ಎದ್ದಿತ್ತಂತೆ. ಎಲ್ಲ ಕೆಡವಿದರಂತೆ. ಅಪ್ಪ ಆ ಕತೆಯನ್ನು ಎಷ್ಟು ಹೆಮ್ಮೆಯಿಂದ ಹೇಳುತ್ತಿದ್ದನೆಂದರೆ ನಾನೂ ಅದನ್ನು ಹೆಮ್ಮೆಯ ಕತೆ ಎಂದೇ ನಂಬಿದ್ದೆ. ಅಂದಿನಿಂದ ಕೇಳದೆ ಒಂದು ಬಾಟಲಿಯನ್ನೂ ಅಲುಗಿಸಲಿಲ್ಲ. ಒಳ್ಳೆಯ ಹುಡುಗಿ ಎಂದು ಹೆಸರು ಬಂತು. ಪರೀಕ್ಷೆಯಲ್ಲೂ ಒಳ್ಳೆಯ ಹುಡುಗಿಯಾಗಿಯೇ ಕೂತು ಫೇಲಾದೆ. ಈಗ ಎರಡು ತಿಂಗಳಿಂದ ಬೀದಿ ಬೀದಿ ಅಲೆದು ಮಾಡಿದ್ದೂ ಅದನ್ನೇ. ಆ ಪ್ರಶ್ನೆಯ ರೋಗಿ ಏದುಸಿರು ಬಿಡುತ್ತಿರುವಾಗ ನಾನು ಡಾಕ್ಟರಿಗೆ ಫೋನ್ ಹಚ್ಚುತ್ತಾ ನಿಂತಂತೆ.

ಫೋನ್ ಗುಂಯ್ ಎಂದಿತು. ರೇಣುಕಕ್ಕ. ಕೈ ಅಭ್ಯಾಸದಂತೆ ಮುಂದೆ ಹೋಯಿತು. ಎತ್ತಲಿಲ್ಲ. ಹೊಸ ಪ್ರತಿಯನ್ನು ಕೆಳಗಿಟ್ಟು ಹರಿದದ್ದನ್ನು ತೆಗೆದುಕೊಂಡೆ. ಮುದುಕರು ನನ್ನನ್ನು ಮೇಲಿಂದ ಕೆಳಗೆ ನೋಡಿ ಡಬ್ಬಿ ಬಿಚ್ಚಿದರು.

ವಾಪಸು ಬರುವಾಗ ಮೆಟ್ರೊದಲ್ಲಿ ಕಂಬ ಹಿಡಿದು ನಿಂತೇ ಮೂರೂ ಗುಂಪುಗಳಿಂದ ಹೊರಬಂದೆ. ದಿನ ಆರಿಸುವ ಪುಟ ತೆರೆದೆ. ಮುಂದಿನ ತಿಂಗಳ ಹತ್ತೊಂಬತ್ತು. ಒತ್ತಬೇಕಾದ ಗುಂಡಿಯ ಹತ್ತಿರ ಬೆರಳು ಹಿಡಿದು ಎರಡು ಸ್ಟೇಷನ್ ದಾಟಿಸಿದೆ. ಮೂರನೆಯದು ಬರುವುದರೊಳಗೆ ಒತ್ತಿಬಿಟ್ಟೆ.

ಮನೆಯ ಮುಂದೆ ಅಪ್ಪ ಕರಣಿಗೆ ಹತ್ತಿದ ಸಿಮೆಂಟ್ ಕೆರೆಯುತ್ತಾ ಕೂತಿದ್ದ. ನನ್ನ ಕೈಯಲ್ಲಿದ್ದ ಪುಸ್ತಕ ನೋಡಿದ.

"ಹರಕ ಪುಸ್ತಕ ತಂದೀಯಲ್ಲ. ಯಾರ್ನ ಕೇಳಿ ತಂದಿ?"

"ಯಾರ್ನೂ ಕೇಳಿಲ್ಲಪ್ಪಾ. ಪರೀಕ್ಷಾ ತಾರೀಖೂ ಹಾಕಿ ಬಂದೀನಿ. ಅದನ್ನೂ ಕೇಳಿಲ್ಲ."

ಕೆರೆಯುವುದು ನಿಂತಿತು.

"ರೇಣುಕಾಗರೆ ಒಂದ್ ಮಾತ ಕೇಳಬಾರದೇನ? ನಾಳಿ ಮತ್ತ ಫೇಲ್ ಆದ್ರ?"

"ಆದ್ರ ನನ್ನ ಬುದ್ಧಿಲೆ ಆದೆ ಅಂತ ತಿಳಕೊಂತೀನಿ. ಹೋದ ಸಲ ಮಂದಿ ಬುದ್ಧಿಲೆ ಆಗಿದ್ದೆ."

ಬೈಯುತ್ತಾನೆ ಅಂದುಕೊಂಡೆ. ಅವನು ಬೈಯಲಿಲ್ಲ. ನಾನು ಹೊಸ್ತಿಲಲ್ಲಿ ಕೂತು ಉಸಿರು ಸಿಕ್ಕದ ರೋಗಿಯ ಪ್ರಶ್ನೆಯನ್ನು ಕನ್ನಡದಲ್ಲಿ ಓದಿ ಹೇಳಿದೆ. ನಾಲ್ಕು ಉತ್ತರವನ್ನೂ ಹೇಳಿದೆ.

"ಡಾಕ್ಟರನ್ನ ಕರೀಬೇಕಲ್ಲ ಮತ್ತ?" ಎಂದ ಅಪ್ಪ.

"ತಪ್ಪಪ್ಪಾ. ಮೊದಲ ಎತ್ತಿ ಕುಂದರಸಬೇಕು. ಆಮ್ಯಾಲ ಕರೀಬೇಕು."

ಅಪ್ಪ ಕರಣಿಯ ಅಂಚನ್ನು ಹೆಬ್ಬೆರಳಿನಿಂದ ಒರೆಸಿದ. ಮಾತಾಡುವಾಗ ನನ್ನ ಮುಖ ನೋಡಲಿಲ್ಲ.

"ಆ ಗ್ವಾಡಿ ಮೊಣಕಾಲಮಟ ಇದ್ದಾಗಽ ಕಂಡಿತ್ತವ್ವಾ ನನಗ. ಆವಾಗಽ ಕೆಡವಿದ್ರ ಅರ್ಧಾ ತಾಸಿನ ಕೆಲಸ."

ನಾನು ಪೆನ್ಸಿಲ್ ತೆಗೆದುಕೊಂಡು ಮುಂದಿನ ಪ್ರಶ್ನೆ ಓದಿದೆ.