ಮುನಿಯ ಪಾತ್ರಕ್ಕೆ ಅರ್ಜಿ

ಕೆರಾಡಿಯ ಚಂದಯ್ಯನ ಮನೆಗೆ ಕರೆಂಟು ಬರಬೇಕಾದರೆ ಪಹಣಿಯಲ್ಲಿ ತೀರಿಹೋದ ಅಪ್ಪನ ಬದಲು ಅವನ ಹೆಸರು ಕೂರಬೇಕಿತ್ತು. ಕೂರಿಸಬೇಕಾದ ಗುಮಾಸ್ತ ರತ್ನಾಕರ ಎರಡು ಮಳೆಗಾಲದಿಂದ ಹೇಳುತ್ತಿದ್ದುದು ಒಂದೇ ಮಾತು: "ಫೈಲ್ ಸುಮ್ನೆ ನಡಿತಿಲ್ಲೆ ಚಂದಯ್ಯ. ಕೈ ಬಿಸಿ ಮಾಡ್ಕ್."

ಇದೇ ರತ್ನಾಕರ ತಾಳಮದ್ದಳೆಗೆ ಕೂತರೆ ಬೇರೆಯೇ ಮನುಷ್ಯ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ್ಯಕ್ಕೆ ಕೂತಲ್ಲೇ ಮಾತು ಕಟ್ಟಿ ಅರ್ಥ ಹೇಳಬೇಕು. ಸತ್ಯಕ್ಕಾಗಿ ರಾಜ್ಯ ಬಿಟ್ಟ ಅರಸನ ಅರ್ಥ ಹೇಳಿ ಅವನು ಸಭೆಯನ್ನೇ ಅಳಿಸುತ್ತಿದ್ದ. ಹಾಗಾಗಿ ಆ ವರ್ಷದ ಭ್ರಷ್ಟಾಚಾರ ವಿರೋಧಿ ಸಪ್ತಾಹಕ್ಕೆ ಕಚೇರಿಯವರು ಅದೇ ಪ್ರಸಂಗ ಇಟ್ಟರು. ಅದರಲ್ಲಿ ಅರಸನ ರಾಜ್ಯ ಕೇಳುವ ಮುನಿಯಾಗಬೇಕಿದ್ದವರ ಬಸ್ಸು ಸಾಲಿಗ್ರಾಮದಲ್ಲಿ ಕೆಟ್ಟು ನಿಂತಿತು. ಭಾಗವತರು ಸಭೆಯತ್ತ ಕಣ್ಣಾಡಿಸಿದರು.

"ಹ್ವಾಯ್ ಚಂದಯ್ಯ, ನೀವೂ ಅರ್ಥ ಹೇಳ್ತಿದ್ರಿ ಅಲ್ದಾ? ಬನ್ನಿ, ಕೂಕಣಿ."

ಮುನಿ ರಾಜ್ಯ ಕೇಳಿದ. ಅರಸ ಕೊಟ್ಟ. ಆಮೇಲೆ ಮುನಿ ಗಂಟಲು ಸರಿಮಾಡಿಕೊಂಡ.

"ಅರಸಾ, ನಿನ್ನ ನಾಡಿನ ಕಾಡಂಚಿನಲ್ಲಿ ಒಬ್ಬ ಪ್ರಜೆ ಕತ್ತಲಲ್ಲಿದ್ದಾನೆ. ತಂದೆಯ ಭೂಮಿಗೆ ಅವನ ಹೆಸರೇರಿಸಲು ನಿನ್ನ ಕರಣಿಕ ಕೈಯೊಡ್ಡುತ್ತಾನೆ. ಬಲ್ಲೆಯಾ?"

"ಮುನಿಗಳೇ, ನಮ್ಮಲ್ಲಿ ಅಂಥ ಕರಣಿಕನಿಲ್ಲ!"

"ಹಾಗಾದರೆ ಸುಳ್ಳಾಡಿದ್ದು ಮುನಿಯೋ, ಅರಸನೋ?"

ಇದೂ ಪ್ರಸಂಗದಲ್ಲೇ ಇದೆಯೆಂದುಕೊಂಡು ಎದುರು ಸಾಲಿನ ಸಾಹೇಬರು ಚಪ್ಪಾಳೆ ತಟ್ಟಿದರು. ರತ್ನಾಕರ ಬೆವರೊರೆಸಿದ. ಗುಮಾಸ್ತನಾಗಿದ್ದರೆ ನಾಡಿದ್ದು ಬಾ ಎನ್ನಬಹುದಿತ್ತು. ಅರಸನಾಗಿ ಹಾಗೆಂದರೆ ಇಷ್ಟು ವರ್ಷ ಕಟ್ಟಿದ ಪಾತ್ರವೇ ಬಿದ್ದುಹೋಗುತ್ತದೆ. ಭಾಗವತರೂ ಮುಂದಿನ ಪದ್ಯ ಎತ್ತದೆ, ತಾಳ ಹಿಡಿದು ಕಾದರು.

"ನಾಳೆ ಸೂರ್ಯ ಮುಳುಗುವುದರೊಳಗೆ ಅವನ ಹೆಸರೇರುತ್ತದೆ, ಮುನಿವರ್ಯಾ!"

ಮಾರನೆಯ ದಿನ ಹೋಟೆಲಿನಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಕಂಡವರೆಲ್ಲ ಇಳಿಯುತ್ತಿದ್ದ ಸೂರ್ಯನತ್ತ ಕೈತೋರಿಸಿ ಕೆಣಕಿದರು: "ಅರಸ್ರೇ, ಹೊತ್ತ್ ಕಂತುಕಾಯ್ತ್!" ಸಂಜೆಯೊಳಗೆ ಚಂದಯ್ಯನ ಹೆಸರು ಕೂತಿತು. ಸಪ್ತಾಹ ಅತ್ಯಂತ ಪರಿಣಾಮಕಾರಿ ಎಂದು ಕಚೇರಿ ಮೇಲಕ್ಕೆ ವರದಿ ಕಳಿಸಿ, ರತ್ನಾಕರನಿಗೆ ಶಾಲು ಹೊದೆಸಿತು. ಮುಂದಿನ ಸಪ್ತಾಹಕ್ಕೆ ಪಾತ್ರ ಹಂಚುವ ಕೆಲಸವನ್ನೂ ಅವನಿಗೇ ವಹಿಸಿತು.

ಮುಂದಿನ ವರ್ಷ ಸಪ್ತಾಹಕ್ಕೆ ಮೊದಲೇ ಚಂದಯ್ಯನ ಪಕ್ಕದ ಮನೆಯ ಜಲಜ ಕಚೇರಿಗೆ ಬಂದಳು. ಅವಳ ಪಹಣಿಯೂ ಹಾಗೇ ಬಿದ್ದಿತ್ತು.

"ರತ್ನಾಕರಣ್ಣ, ನಂಗೆ ಅರ್ಥ ಹೇಳುಕೆ ಬತ್ತಿಲ್ಲೆ. ಆದ್ರೂ ಈ ಸಲ ಮುನಿ ನಾನೇ ಆತೆ."

ರತ್ನಾಕರ ಹೆಗಲ ಮೇಲಿನ ಶಾಲು ಸರಿಮಾಡಿಕೊಂಡ.

"ಮುನಿ ಆಪುಕೆ ಊರಿಗೂರೇ ಕಾಯ್ತಾ ಇತ್ತ್, ಜಲಜಕ್ಕ," ಎನ್ನುತ್ತ ಮೇಜಿನ ಕೆಳಗೆ ಕೈಚಾಚಿದ. "ಕೈ ಬಿಸಿ ಮಾಡಿ, ಕಾಂಬ."